ಏರಿಸಿಟ್ಟ ಸ್ಲೋ ಸ್ಪೀಡ್

ಕಾರ್ಬ್ಯುರೇಟರ್ ಇರುವ ಗಾಡಿ ಓಡಿಸಿದವರಿಗೆಲ್ಲ ಸ್ಲೋ ಸ್ಪೀಡ್ ಸ್ಕ್ರೂ ಗೊತ್ತು. ಒಂಚೂರು ಒಳಗೆ ತಿರುಗಿಸಿದರೆ ಥ್ರಾಟಲ್ ಕೊಂಚ ತೆರೆದು, ಬಂದ್ ಬೀಳುವ ಎಂಜಿನ್ ಉಸಿರು ಹಿಡಿದುಕೊಳ್ಳುತ್ತದೆ. ಅಪ್ಪನ ಪ್ರೀಮಿಯರ್ ಪದ್ಮಿನಿಗೆ ನಾನು ಮಾಡುತ್ತಿದ್ದ ರಿಪೇರಿ ಇಷ್ಟೇ. ಬೆಳಗಾವಿಯ ಸಿಗ್ನಲ್‌ಗಳಲ್ಲಿ ನಿಂತಾಗ 1089 ಸಿಸಿಯ ಆ ಎಂಜಿನ್ ನಡುಗಿ ಆರಿಹೋಗುತ್ತಿತ್ತು. "ಗ್ಯಾರೇಜಿಗೆ ತೋರಸೋ ತಮ್ಮಾ" ಅಂತ ಅಪ್ಪ ಅನ್ನುತ್ತಲೇ ಇದ್ದರು. ನಾನು ಬಾನೆಟ್ ಎತ್ತಿ, ಸ್ಕ್ರೂ ಏರಿಸಿ, ಸರಿಯಾಯಿತು ಅನ್ನುತ್ತಿದ್ದೆ. ನನಗೂ ಹಾಗೇ ಅನಿಸಿತ್ತು.

ಮಳೆಗಾಲದಲ್ಲಿ ಗೋವೆಯ ಮದುವೆಯೊಂದಕ್ಕೆ ಹೋದೆವು. ಅನಮೋಡ ದಾಟಿ ಮೊಲೆಮ್ ಕಡೆಗೆ ಘಾಟಿನಲ್ಲಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬಂತು. ಇಳಿಜಾರಲ್ಲವೇ ಎಂದು ಅದನ್ನು ಅಲ್ಲಿಗೇ ಬಿಟ್ಟೆ. ಮರಳುವಾಗ ಘಾಟು ಹತ್ತಿ, ಅನಮೋಡದಲ್ಲಿ ಚಹಾಕ್ಕೆಂದು ನಿಲ್ಲಿಸಿದ ಗಾಡಿ ಮತ್ತೆ ಚಾಲೂ ಆಗಲಿಲ್ಲ.

ಆಗ ನಾನು ಮಾಡಬಾರದ್ದನ್ನೆಲ್ಲ ಮಾಡಿದೆ. ಬಿಸಿ ಎಂಜಿನ್ನಿಗೆ ಚೋಕ್ ಎಳೆದೆ. ಎಕ್ಸಿಲರೇಟರ್ ತುಳಿದು ತುಳಿದು ಸೆಲ್ಫ್ ಹೊಡೆದೆ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಪ್ಲಗ್ ಒದ್ದೆಯಾಗಿವೆ ಎಂದು ತಿಳಿದೂ ನಿಲ್ಲಿಸಲಿಲ್ಲ. ಕೊನೆಗೆ ಬ್ಯಾಟರಿಯೂ ಇಳಿಯಿತು. ಚಹಾದಂಗಡಿಯ ಮಾಡಿನಡಿ ನಿಂತವರೆಲ್ಲ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ಎದುರಾಡಬಹುದಿತ್ತು. ಆ ಮೌನವನ್ನು ಸಹಿಸುವುದು ಕಷ್ಟವಾಯಿತು.

ಲಾರಿ ಚಾಲಕರೊಬ್ಬರು ರಾಮನಗರಕ್ಕೆ ಸುದ್ದಿ ಮುಟ್ಟಿಸಿದ ಮೇಲೆ, ಮಳೆಯಲ್ಲೇ ಮೆಕ್ಯಾನಿಕ್ ಬಂದ. ಮೊದಲು ಡೆಲ್ಕೋದ, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ, ಮುಚ್ಚಳ ತೆಗೆದ. ಒಳಗೆ ಸಣ್ಣ ನೀರಹನಿ ಕೂತಿದ್ದವು. ಘಾಟಿನ ತೇವ ಅಲ್ಲಿ ಸೇರಿದರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ನೀರಿನ ಜಾಡು ಹಿಡಿದು ಹರಿಯುತ್ತದೆ. ಬಟ್ಟೆಯಿಂದ ಒರೆಸಿ, ಪ್ಲಗ್ ಒಣಗಿಸಿ, ತಳ್ಳಿಸಿ ಚಾಲೂ ಮಾಡಿದ. ಕೆಲಸ ಮುಗಿಯಿತು ಅಂದುಕೊಂಡೆ. ಅವನು ಮಾತ್ರ ಕಿವಿಗೊಟ್ಟು ನಿಂತೇ ಇದ್ದ.

"ಸ್ಲೋ ಸ್ಪೀಡ್ ಇಷ್ಟ್ಯಾಕ ಏರಿಸೀರಿ?"

ಉತ್ತರಕ್ಕೆ ಕಾಯದೆ ಕಾರ್ಬ್ಯುರೇಟರ್ ಬುಡದ ಸುತ್ತ ಒಂದಿಷ್ಟು ಆಯಿಲ್ ಸವರಿದ. ಎಂಜಿನ್ನಿನ ಸದ್ದು ಒಮ್ಮೆಲೇ ಬದಲಾಯಿತು. ಬುಡದ ನಟ್ ಸಡಿಲಾಗಿ, ಗ್ಯಾಸ್ಕೆಟ್ ಸಂದಿನಿಂದ ಗಾಳಿ ಒಳಗೆ ಹೋಗುತ್ತಿತ್ತು. ಲೆಕ್ಕಕ್ಕೆ ಮೀರಿದ ಆ ಗಾಳಿಯಿಂದ ಮಿಶ್ರಣ ತೆಳುವಾಗಿ ಎಂಜಿನ್ ನಡುಗುತ್ತಿತ್ತು. ನಟ್ ಬಿಗಿ ಮಾಡಿ, ನಾನು ಏರಿಸಿದ್ದನ್ನೆಲ್ಲ ಇಳಿಸಿದ. ಎಂಜಿನ್ ಆರಲಿಲ್ಲ.

"ಮೊನ್ನೆ ಇಳಿಯುವಾಗ ಬ್ರೇಕ್ ಕಾದದ್ದು ಇದಕ್ಕೇನು?" ಅಪ್ಪ ಅವನನ್ನೇ ಕೇಳಿದರು. ಹೌದೆಂದು ಅವನು ತಲೆಯಾಡಿಸಿದ. ಕಾಲು ತೆಗೆದರೂ ಎಂಜಿನ್ ದೂಡುತ್ತಲೇ ಇದ್ದರೆ ಗೇರು ಗಾಡಿಯನ್ನು ಹಿಡಿಯುವುದಿಲ್ಲ. ಭಾರವೆಲ್ಲ ಬ್ರೇಕಿನ ಮೇಲೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಅದು. ಅಪ್ಪನನ್ನು ಕೂರಿಸಿಕೊಂಡು ಆ ತಿರುವುಗಳನ್ನು ಇಳಿದದ್ದು ನೆನೆದು ಕೈ ತಣ್ಣಗಾಯಿತು.

ಸ್ಕ್ರೂವನ್ನೇ ಯಾಕೆ ತಿರುಗಿಸುತ್ತಿದ್ದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು ಅದೊಂದೇ. ತಿರುಗಿಸಿದ ಕೂಡಲೇ ದೂರೂ ನಿಲ್ಲುತ್ತಿತ್ತು. ಆ ನಡುಕ ಎಲ್ಲಿಂದ ಬರುತ್ತಿದೆ ಎಂದು ನಾನು ಕೇಳಿಕೊಂಡಿರಲೇ ಇಲ್ಲ. ಈಗ ಐಡ್ಲಿಂಗ್ ಕೆಟ್ಟರೆ ಮೊದಲು ಬುಡದ ನಟ್, ಗ್ಯಾಸ್ಕೆಟ್, ಪೈಪುಗಳ ಬಿರುಕು, ಆಮೇಲೆ ಡೆಲ್ಕೋ, ಪಾಯಿಂಟ್ ನೋಡುತ್ತೇನೆ. ಸ್ಕ್ರೂಗೆ ಕೈಹಾಕುವುದು ಎಲ್ಲದರ ನಂತರ, ಅದೂ ಅಪ್ಪನಿಗೆ ಹೇಳಿ.