ಲಾರಿಯ ಗಾಳಿಕಿಂಡಿ

ಲಾರಿಗೂ ಮೂಗುಂಟೆಂದರೆ ಮನೆಯ ಹುಡುಗರು ನಗುತ್ತಾರೆ. ನಮ್ಮ ಸೋದರಮಾವನ 1951ರ ಫಾರ್ಗೊ ಲಾರಿಗಂತೂ ಉಂಟು. ಬಾನೆಟ್ಟಿನ ಹಿಂದೆ, ಮುಂಗಾಜಿನ ಬುಡದಲ್ಲಿ, ಒಂದು ಕಿಂಡಿ. ಅದರ ಮೇಲೊಂದು ತಗಡಿನ ಮುಚ್ಚಳ. ಒಳಗಿನ ಹಿಡಿಯನ್ನು ನೂಕಿದರೆ ಮುಚ್ಚಳದ ಮುಂದಿನ ಅಂಚು ಮೇಲೇಳುತ್ತದೆ. ಗಾಡಿ ಓಡುವಾಗ ಗಾಜಿಗೆ ಬಡಿದ ಗಾಳಿ ಅಲ್ಲಿಯೇ ಒತ್ತಾಗಿ, ಕಿಂಡಿಯಿಂದ ಒಳನುಗ್ಗುತ್ತದೆ. ಇಂಜಿನ್ನಿನ ಬೆನ್ನಿಗೇ ಕುಳಿತು, ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿಯಿಂದ ಮುಂಬಯಿಗೆ ಬರುತ್ತಿದ್ದವನಿಗೆ ಅದೆಂಥ ಸುಖವೆಂಬುದನ್ನು ಮಾವನೇ ಹೇಳಬೇಕು!

ಫಾರ್ಗೊ ಲಾರಿಗಳನ್ನು ಜೋಡಿಸುತ್ತಿದ್ದುದು ನಮ್ಮ ಕುರ್ಲಾದಲ್ಲಿಯೇ, ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಸಂಸ್ಥೆಯ ಕಾರಖಾನೆಯಲ್ಲಿ. ಆ ಕಾರಖಾನೆ ನಿಂತು ವರ್ಷಗಳೇ ಸಂದಿವೆ. ಮಾವನ ಲಾರಿಯ ಮುಚ್ಚಳ ತುಕ್ಕು ತಿಂದು ಉದುರಿದಾಗ ಚೋರಬಜಾರವನ್ನೆಲ್ಲ ಜಾಲಾಡಿದೆವು. ದೀಪ ಸಿಕ್ಕಿತು, ಹಾರ್ನು ಸಿಕ್ಕಿತು, ಮುಚ್ಚಳ ಮಾತ್ರ ಇಲ್ಲ.

“ತಗಡು ಇಟ್ಟು ಬೆಸುಗೆ ಹಾಕಿಬಿಡಿ, ಮಳೆಗಾಲದ ಕಾಟ ತಪ್ಪಿತು,” ಎಂದ ಮೇಸ್ತ್ರಿ. ಎಂಬತ್ತಾರು ವರ್ಷದ ಮಾವ ಎರಡು ದಿನ ಮಾತೇ ಆಡಲಿಲ್ಲ. ಈಗ ಆತನಿಗೆ ಹೆಚ್ಚು ನಡೆಯಲಾಗದು. ಸಂಜೆ ಲಾರಿಯಲ್ಲಿ ಕುಳಿತಿರುವುದೇ ಆತನ ವಿಹಾರ.

ಕಡೆಗೆ ಓಣಿಯ ತಗಡುಗೆಲಸದ ಮುದುಕನೊಬ್ಬ ಒಪ್ಪಿದ. ಸಂಘದ ದಸರೆಯ ಆಮಂತ್ರಣದ ದಪ್ಪ ಕಾಗದಗಳನ್ನೇ ಅಂಟಿಸಿ ಕಿಂಡಿಯ ಅಚ್ಚು ಕತ್ತರಿಸಿದೆವು. (ಅಷ್ಟರಮಟ್ಟಿಗೆ ನಮ್ಮ ಕಾರ್ಯದರ್ಶಿಗಳಿಗೂ ಪುಣ್ಯ!) 20 ಗೇಜಿನ ಉಕ್ಕಿನ ತಗಡು, ಸುತ್ತಲೂ 10 ಮಿಲಿಮೀಟರು ಹೆಚ್ಚಿಗೆ ಬಿಟ್ಟು ಅಂಚನ್ನು ಕೆಳಗೆ ಮಡಿಸಿದ. ನಡುಭಾಗವನ್ನು ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಬಡಿದು, ಹಪ್ಪಳದಂತೆ ತುಸು ಉಬ್ಬಿಸಿದ. ಚಪ್ಪಟೆಯಾಗಿದ್ದರೆ ನೀರು ನಿಲ್ಲುತ್ತದೆ, ತಗಡು ದಾರಿಯುದ್ದಕ್ಕೂ ತಮಟೆಯಂತೆ ಬಡಿಯುತ್ತದೆ.

ರಬ್ಬರಿನ ಪಟ್ಟಿಯದೇ ದೊಡ್ಡ ಫಜೀತಿ. ದಪ್ಪವಾದರೆ ಕೀಲಿನ ಕಡೆ ಸಿಕ್ಕಿಕೊಂಡು ಎದುರು ಅಂಚು ಕೂಡದು; ತೆಳ್ಳಗಾದರೆ ಸೋರುತ್ತದೆ. ಮುದುಕ ಕಿಂಡಿಯ ಅಂಚಿಗೆ ಸೀಮೆಸುಣ್ಣ ಬಳಿದು ಮುಚ್ಚಳ ಮುಚ್ಚಿದ, ತೆಗೆದ. ರಬ್ಬರಿನ ಮೇಲೆ ಬಿಳಿಯ ಗುರುತು ಬೀಳದ ಕಡೆ ತಗಡನ್ನು ಕೊಂಚ ಬಾಗಿಸಿದ. ಮೂರನೆಯ ಸಲಕ್ಕೆ ಗುರುತು ಪೂರ್ತಿ ಸುತ್ತಿಬಂತು.

ಆದರೂ ಒಂದು ಕೊಡ ನೀರು ಸುರಿದಾಗ ಒಳಗೆ ತೊಟ್ಟಿಕ್ಕಿತು! ತಪ್ಪು ಮುಚ್ಚಳದ್ದಲ್ಲ; ಕೆಳಗಿನ ಕಾಲುವೆಯ ನೀರು ಹೋಗುವ ತೂತು ಹಳೆಯ ಎಲೆ-ಮಣ್ಣಿನಿಂದ ಕಟ್ಟಿತ್ತು. ಸೈಕಲ್ಲಿನ ಕಡ್ಡಿಯಿಂದ ಕೆದಕಿದ ಮೇಲೆ ಹನಿಯೂ ಇಲ್ಲ. ಮಳೆಗೆ ಬೆಸುಗೆ ಹಾಕಿಸುವವರು ಮೊದಲು ಈ ತೂತನ್ನು ನೋಡುವುದು ಒಳ್ಳೆಯದು.

ಕಳೆದ ಭಾನುವಾರ ಅಳಿಯನ ಕೈಲಿ ಚಕ್ರ ಕೊಟ್ಟು ಪನವೇಲಿಯವರೆಗೆ ಹೋಗಿಬಂದೆವು. ದಾರಿಯುದ್ದಕ್ಕೂ ಮಾವ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. ಅತ್ತೆ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು, “ಸಾಕು, ಮುಚ್ಚಿ,” ಎಂದರು. ಆತ ಕೇಳಿಸಿಕೊಳ್ಳಲಿಲ್ಲ.