ಅಪ್ಪನ ಅಂಬಾಸಿಡರ್‌ಗೆ ಯಾವ ಆಯಿಲ್?

ನಮ್ಮ ಮನೆ ಮುಂದೆ 1985ರ ಒಂದು ಅಂಬಾಸಿಡರ್ ನಿಂತಿದೆ. ಮಾರ್ಕ್ 4, ಪೆಟ್ರೋಲ್ ಗಾಡಿ. ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು ಹದಿನೆಂಟು ವರ್ಷ ಬಾಡಿಗೆಗೆ ಓಡಿಸಿದರು. ಹೆರಿಗೆಗೆ, ಮದುವೆಗೆ, ಎಲೆಕ್ಷನ್‌ಗೆ, ರಾತ್ರಿ ಹೊತ್ತು ಆಸ್ಪತ್ರೆಗೆ, ಎಲ್ಲಕ್ಕೂ ಹೋಗಿ ಬಂದ ಗಾಡಿ. ಈಗ ಅಪ್ಪನಿಗೆ ಎಪ್ಪತ್ತಾರು. ಸ್ಟ್ರೋಕ್ ಆದ ಮೇಲೆ ಎಡಗೈ ಸ್ವಾಧೀನ ತಪ್ಪಿದೆ. ಗಾಡಿ ನೋಡಿಕೊಳ್ಳುವವರು ನಾವು. ನಾವು ಅಂದರೆ ಅಣ್ಣತಮ್ಮಂದಿರಿಬ್ಬರು. ಒಬ್ಬರು ತೆಂಗಿನ ತೋಟ ನೋಡುವವರು, ಇನ್ನೊಬ್ಬರು ತಾಲ್ಲೂಕಿನ ಸುದ್ದಿ ಬರೆಯುವವರು. ಎಂಜಿನ್ ವಿಷಯದಲ್ಲಿ ಇಬ್ಬರೂ ಅಷ್ಟಕ್ಕಷ್ಟೇ.

ಅಪ್ಪನಿಗೆ ಈ ವರ್ಷ ಒಂದೇ ಆಸೆ. ಮನೆದೇವರಿರುವ ಬಿಳಿಗಿರಿರಂಗನ ಬೆಟ್ಟಕ್ಕೆ ಇದೇ ಗಾಡಿಯಲ್ಲಿ ಹೋಗಿ ಬರಬೇಕು. ಬೆಟ್ಟ ಹತ್ತುವ ಗಾಡಿ ಅಂತ ನಾವು ಮೊದಲು ಆಯಿಲ್ ಬದಲಿಸಲು ಹೊರಟೆವು. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದಾಗ ಹುಡುಗ ಹೊಳೆಯುವ ಕ್ಯಾನ್ ತೆಗೆದುಕೊಟ್ಟ. "ಫುಲ್ ಸಿಂಥೆಟಿಕ್ ಅಣ್ಣಾ, ಇದಕ್ಕಿಂತ ಮೇಲಿನದು ಇಲ್ಲ." ರೇಟೂ ಜಾಸ್ತಿಯೇ ಇತ್ತು. ಅಪ್ಪನ ಗಾಡಿಗಲ್ಲವೇ, ಇರಲಿ ಅಂದುಕೊಂಡೆವು. ಕ್ಯಾನಿನ ಮೇಲೆ 5ಡಬ್ಲ್ಯೂ-30 ಅಂತ ದೊಡ್ಡದಾಗಿ ಬರೆದಿತ್ತು. ನಕಲಿ ಗೊಬ್ಬರದ ಸುದ್ದಿ ಬರೆಯುವಾಗಲೆಲ್ಲ "ಚೀಲದ ಮೇಲಿನದನ್ನು ಓದಿ ಕೊಳ್ಳಿ" ಎಂದು ರೈತರಿಗೆ ಹೇಳುವವರು ನಾವು. ಅವತ್ತು ನಾವೇ ಓದಲಿಲ್ಲ.

ಮೂರನೇ ವಾರ ರೈಲ್ವೆ ಗೇಟಿನಲ್ಲಿ ಕಾಯುತ್ತಿದ್ದಾಗ ಆಯಿಲ್‌ನ ಕೆಂಪು ದೀಪ ಮಿಣಮಿಣ ಎಂದಿತು. ಆಕ್ಸಿಲರೇಟರ್ ಒತ್ತಿದರೆ ಆರಿತು. ವೈರ್ ಸಡಿಲವಿರಬೇಕು ಎಂದು ಮಾತಾಡಿಕೊಂಡು, ಆಮೇಲೂ ಮೂರು ದಿನ ಓಡಿಸಿದೆವು. ಇದು ನಮ್ಮ ದೊಡ್ಡ ತಪ್ಪು. ಆ ದೀಪ ಹತ್ತಿತೆಂದರೆ ಒಳಗೆ ಎಣ್ಣೆಯ ಒತ್ತಡ ಬಿದ್ದಿದೆ ಎಂದರ್ಥ. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಬೇಕು, ಅಷ್ಟೇ. ನಾಲ್ಕನೇ ದಿನ ಮನೆ ಮುಂದೆ ನಿಲ್ಲಿಸಿದಾಗ ಜಗಲಿ ಮೇಲೆ ಕೂತಿದ್ದ ಅಪ್ಪ, "ಏನ್ರೋ ಅದು ಟಕಟಕ ಅಂತದೆ? ನನ್ನ ಗಾಡಿ ಸದ್ದಲ್ಲ ಅದು" ಅಂದರು.

ಅಪ್ಪನ ಕಾಲದಿಂದಲೂ ಈ ಗಾಡಿಗೆ ಕೈ ಹಾಕಿದವರು ಒಬ್ಬರೇ ಮೆಕ್ಯಾನಿಕ್. ನಾವು ಭಾಯ್ ಅಂತೀವಿ. ಅವರು ಡಿಪ್‌ಸ್ಟಿಕ್ ಎಳೆದು, ಆಯಿಲ್ಲನ್ನು ಎರಡು ಬೆರಳಲ್ಲಿ ತಿಕ್ಕಿ, "ಯಾವುದಪ್ಪಾ ಇದು, ನೀರು ಇದ್ದಂಗಿದೆ?" ಅಂದರು. ಆಮೇಲೆ ರಾಕರ್ ಬಿಚ್ಚಿ, ಪುಶ್‌ರಾಡ್ ಎಳೆದು, ಎಂಜಿನ್ ಪಕ್ಕದ ಮುಚ್ಚಳ ತೆಗೆದು ಎಂಟೂ ಟ್ಯಾಪೆಟ್‌ಗಳನ್ನು ಹೊರಗಿಟ್ಟರು. ಟ್ಯಾಪೆಟ್ಟಿನ ತಳ ಕನ್ನಡಿಯ ಹಾಗೆ ಇರಬೇಕು. ಮೂರರ ತಳದಲ್ಲಿ ಸಿಡುಬಿನ ಕಲೆಯಂಥ ಗುಳಿಗಳಿದ್ದವು.

ಯಾಕೆ ಹೀಗಾಯಿತು ಎಂದು ಭಾಯ್ ಹೇಳಿದ್ದನ್ನೂ ನಾವು ಓದಿ ತಿಳಿದಿದ್ದನ್ನೂ ಸೇರಿಸಿ ಹೇಳುತ್ತೇವೆ.

ಮೊದಲು ಆ ಅಂಕಿ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ, ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಚಿಕ್ಕದಾದಷ್ಟೂ ಸಲೀಸು. ಮುಂದಿನ ಅಂಕಿ, 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎಣ್ಣೆ ಎಷ್ಟು ಗಟ್ಟಿ ಉಳಿಯುತ್ತದೆ ಅನ್ನುವುದಕ್ಕೆ. ಹಿಮ ಬೀಳುವ ದೇಶದಲ್ಲಿ ಮೊದಲ ಅಂಕಿ ಮುಖ್ಯ. ನಮ್ಮಂಥ ಕಡೆ, ಹಳೇ ಗಾಡಿಗೆ, ಎರಡನೆಯದು ಮುಖ್ಯ. ಅಂಬಾಸಿಡರ್ ಬಂದಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ. ನಮ್ಮ ಗಾಡಿಯ 1,489 ಸಿ.ಸಿ. ಎಂಜಿನ್ನೂ ಆ ವಂಶದ್ದೇ. ಇಂಥ ಎಂಜಿನ್ನಿನ ಬೇರಿಂಗ್‌ಗಳ ನಡುವಿನ ಸಂದು ಇವತ್ತಿನ ಕಾರುಗಳಿಗಿಂತ ಅಗಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೆ ಇನ್ನೂ ಅಗಲ. ತೆಳ್ಳನೆ ಎಣ್ಣೆ ಅಲ್ಲಿ ನಿಲ್ಲದೆ ಸೋರಿಹೋಗುತ್ತದೆ, ಒತ್ತಡ ಬೀಳುತ್ತದೆ. ಅಪ್ಪ ಹಾಕುತ್ತಿದ್ದದ್ದು 20ಡಬ್ಲ್ಯೂ-40, ಬೇಸಿಗೆಯಲ್ಲಿ 20ಡಬ್ಲ್ಯೂ-50.

ಎರಡನೆಯದು ಕಣ್ಣಿಗೆ ಕಾಣದ್ದು: ಸತು, ಅಂದರೆ ಜಿಂಕ್. ಹೊಲಕ್ಕೆ ಹಾಕುವ ಜಿಂಕ್ ಸಲ್ಫೇಟ್ ಅಲ್ಲ. ಇದು ಸತು ಮತ್ತು ರಂಜಕ ಸೇರಿದ ಒಂದು ಸಂಯುಕ್ತ, ಜೆಡ್‌ಡಿಡಿಪಿ ಅಂತಾರೆ. ಹಳೇ ಎಂಜಿನ್ನಿನಲ್ಲಿ ಕ್ಯಾಮ್‌ನ ಉಬ್ಬು ಟ್ಯಾಪೆಟ್ಟಿನ ತಳವನ್ನು ತಿಕ್ಕಿಕೊಂಡೇ ತಿರುಗುತ್ತದೆ. ಅಷ್ಟು ಭಾರ ಬೀಳುವ ಕಡೆ ಎಣ್ಣೆಯ ಪದರ ಹರಿದರೂ ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಕಾಯುವುದು ಈ ಸಂಯುಕ್ತ. ಇವತ್ತಿನ ಎಷ್ಟೋ ಎಂಜಿನ್‌ಗಳಲ್ಲಿ ಅಲ್ಲಿ ರೋಲರ್ ಇರುತ್ತದೆ, ತಿಕ್ಕಾಟ ಕಡಿಮೆ. ಜೊತೆಗೆ ಹೊಸ ಕಾರುಗಳ ಸೈಲೆನ್ಸರ್ ಕೊಳವೆಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ; ರಂಜಕ ಅದನ್ನು ಕೆಡಿಸುತ್ತದೆ. ಹಾಗಾಗಿ 2004ರಲ್ಲಿ ಬಂದ ಎಪಿಐ ಎಸ್‌ಎಂ ದರ್ಜೆಯಲ್ಲಿ, 30 ಮತ್ತು ಅದಕ್ಕಿಂತ ತೆಳುವಾದ ಎಣ್ಣೆಗಳಲ್ಲಿ ರಂಜಕ ಶೇ. 0.08 ಮೀರಬಾರದೆಂದು ಮಿತಿ ಹಾಕಿದರು. ನಮ್ಮ 1985ರ ಗಾಡಿಯಲ್ಲಿ ಆ ಕನ್ವರ್ಟರೇ ಇಲ್ಲ. ಇಲ್ಲದ ವಸ್ತುವನ್ನು ಉಳಿಸಲು ಹೋಗಿ ಇರುವ ಟ್ಯಾಪೆಟ್ ಸವೆಸಿದ ಹಾಗಾಯಿತು.

ಆ ಮಿತಿ 20ಡಬ್ಲ್ಯೂ-50ರಂಥ ಗಟ್ಟಿ ಎಣ್ಣೆಗಳಿಗೆ ಇಲ್ಲ. ಹಾಗಾಗಿ ಹಳೇ ಗಾಡಿಯವರು ವಿದೇಶದಿಂದ ಏನೋ ತರಿಸಬೇಕಿಲ್ಲ, ನಮ್ಮ ಪೇಟೆಯಲ್ಲಿ ಸಿಗುವ ಒಳ್ಳೆಯ 20ಡಬ್ಲ್ಯೂ-50 ಸಾಕು. ಸಿಂಥೆಟಿಕ್ಕೇ ಕೆಟ್ಟದ್ದು ಅಂತಲೂ ನಾವು ಹೇಳುತ್ತಿಲ್ಲ. ನಮ್ಮಲ್ಲಿ ಹಾಳು ಮಾಡಿದ್ದು ಆ ತೆಳು ದರ್ಜೆ. ಇನ್ನೊಂದು ಮಾತು ನ್ಯಾಯವಾಗಿ ಹೇಳಬೇಕು. ಮೂರು ವಾರದಲ್ಲಿ ಅಷ್ಟು ಗುಳಿ ಬೀಳುವುದಿಲ್ಲ, ಸವೆತ ಮೊದಲೇ ಶುರುವಾಗಿತ್ತು, ಈ ಆಯಿಲ್ ಅದನ್ನು ಮುಗಿಸಿತು ಅಂದರು ಭಾಯ್. ಅಷ್ಟರ ಮಟ್ಟಿಗೆ ನಮಗೆ ಸಮಾಧಾನ.

(ಬೈಕ್ ಇರುವವರಿಗೆ: ಕಾರಿನ ಇಂಥ ತೆಳು ಆಯಿಲ್ ಬೈಕಿಗೆ ಸುರಿಯಬೇಡಿ. ಬಹುಪಾಲು ಬೈಕುಗಳ ಕ್ಲಚ್ ಆಯಿಲ್ಲಿನಲ್ಲೇ ಮುಳುಗಿರುತ್ತದೆ, ಜಾರಲು ಶುರುವಾಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಇದೆಯಾ ನೋಡಿ.)

ಕ್ಯಾಮ್ ಶಾಫ್ಟ್ ಕೂಡ ಸವೆದಿತ್ತು. ಎರಡನ್ನೂ ಜೊತೆಗೇ ಬದಲಿಸಬೇಕೆಂದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿ ಸಾಮಾನು ತಂದೆವು. ಕೊಬ್ಬರಿ ಮಾರಿ ಬಂದ ದುಡ್ಡಿನಲ್ಲಿ ಒಳ್ಳೇ ಪಾಲು ಅಲ್ಲಿಗೇ ಹೋಯಿತು. ಮನೆಯಲ್ಲಿ ಅಮ್ಮ ಎರಡು ದಿನ ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ.

ಎಂಜಿನ್ ಕೂರಿಸಿ ಸ್ಟಾರ್ಟ್ ಮಾಡಿದ ದಿನ ಭಾಯ್ ಅದನ್ನು ಐಡ್ಲಿಂಗ್‌ನಲ್ಲಿ ಬಿಡಲೇ ಇಲ್ಲ. ಹೊಸ ಕ್ಯಾಮ್‌ಗೆ ಎಣ್ಣೆ ಸಿಗುವುದು ಕೆಳಗೆ ತಿರುಗುವ ಕ್ರ್ಯಾಂಕ್ ಎರಚುವ ಸಿಂಚನದಿಂದ. ನಿಧಾನ ತಿರುಗಿದರೆ ಅದು ಸಾಲದು. ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ, ಕೈಯಲ್ಲೇ ಥ್ರಾಟಲ್ ಹಿಡಿದು ನಿಂತಿದ್ದರು. ನಾವು ಕೆಂಪು ದೀಪವನ್ನೇ ನೋಡುತ್ತಿದ್ದೆವು. ಹತ್ತಲಿಲ್ಲ.

ತಾತನ ಎತ್ತಿನ ಗಾಡಿಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಹಾಕುತ್ತಿದ್ದರು ಎಂದು ಅಪ್ಪ ಆ ಸಂಜೆ ನೆನೆಸಿಕೊಂಡರು. ಹರಳೆಣ್ಣೆಯನ್ನು ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ಅನ್ನುತ್ತಾರೆ. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಅದರಿಂದ ಎಂದು ಹೇಳಿದಾಗ ಅವರು ನಂಬಲೇ ಇಲ್ಲ.

ಖಾಲಿ ಕ್ಯಾನುಗಳಿಗೆ ಭಾಯ್ ಎದುರಿಗೇ ಮೊಳೆ ಹೊಡೆದೆವು. ಹಾಗೇ ಬಿಟ್ಟರೆ ಗುಜರಿ ಸೇರಿ, ಯಾರೋ ಅದಕ್ಕೆ ಕೆಟ್ಟ ಆಯಿಲ್ ತುಂಬಿ ಮತ್ತೆ ಮಾರುತ್ತಾರೆ. ಇಳಿಸಿದ ಹಳೇ ಆಯಿಲ್ಲನ್ನು ಗೆದ್ದಲಿಗೆ ಅಂತ ಕೊಟ್ಟಿಗೆಯ ಕಂಬಕ್ಕೆ ಬಳಿಯುವುದು ನಮ್ಮೂರ ರೂಢಿ. ಕೊಟ್ಟಿಗೆ ಬಾವಿಯ ಪಕ್ಕದಲ್ಲೇ ಇರುವುದರಿಂದ ನಾವು ಬಳಿಯಲಿಲ್ಲ. ಹಳೇ ಆಯಿಲ್ ಕೊಳ್ಳುವವರು ಬರುವ ತನಕ ಡಬ್ಬದಲ್ಲಿ ಗ್ಯಾರೇಜಿನಲ್ಲೇ ಇದೆ.

ನಿನ್ನೆ ಸಂಜೆ ಅಪ್ಪ ಕೋಲೂರಿಕೊಂಡು ಗಾಡಿ ಹತ್ತಿರ ಬಂದು ಬಾನೆಟ್ ಎತ್ತಿಸಿದರು. ಬಲಗೈಯಲ್ಲಿ ಡಿಪ್‌ಸ್ಟಿಕ್ ಎಳೆದು, ಆಯಿಲ್ಲನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಒರೆಸಲು ಬಟ್ಟೆ ಕೇಳಿದರು.

"ಶನಿವಾರ ಐದಕ್ಕೇ ಹೊರಡೋಣ. ಬಿಸಿಲೇರೋದ್ರೊಳಗೆ ಯಳಂದೂರು ದಾಟಬೇಕು."