ಶೆಡ್ಡಿನ ಬಾಗಿಲಂಚು

ಮಂಜೇಶ್ವರದ ನಮ್ಮ ಕಡೆ ಹಳೆಯ ಮನೆಗಳೆಲ್ಲ ಅಂಗಳಕ್ಕಿಂತ ಎತ್ತರದಲ್ಲಿರುತ್ತವೆ. ಮಳೆಗೆ ಹೆದರಿ ಕಟ್ಟಿದವು. ನಮ್ಮ ಮನೆಯ ಎದುರಿಗೂ ಐದು ಮೆಟ್ಟಿಲು. ಗುಡ್ಡದ ಬದಿಯಾದ ಕಾರಣ ಹಿಂದುಗಡೆ ಮಾತ್ರ ಅಂಗಳ ಎತ್ತರ, ಅಲ್ಲಿಯೇ ಅಡುಗೆಮನೆಗೆ ತಾಗಿ ಕಾರ್ ಶೆಡ್. ಅಜ್ಜಿಗೆ ಗಾಲಿಕುರ್ಚಿ ಬಂದ ಮೇಲೆ ಹೊರಗೆ ಹೋಗಲು ಉಳಿದ ದಾರಿ ಅದೊಂದೇ.

ಆ ದಾರಿಯೂ ನೆಟ್ಟಗಿರಲಿಲ್ಲ. ಕಾರಿನ ಚಕ್ರ ನಿಲ್ಲುವ ಕಡೆ ನೆಲ ಕುಸಿದು ನೀರು ನಿಲ್ಲುತ್ತಿತ್ತು. ಬಾಗಿಲಲ್ಲಿ ಕಾಂಕ್ರೀಟಿನ ಅಂಚು ಒಡೆದು ಜಲ್ಲಿ ಕಾಣುತ್ತಿತ್ತು, ಅದರಾಚೆ ಅಂಗಳಕ್ಕೆ 4 ಇಂಚು ಇಳಿತ. ಪ್ರತಿ ಭಾನುವಾರ ಪಪ್ಪ ಮತ್ತು ನಾನು ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಇಳಿಸುತ್ತಿದ್ದೆವು. ಕೆಲವು ವಾರ ಕಳೆದ ಮೇಲೆ ಅಜ್ಜಿ, “ನನಗೆ ಮೊಬೈಲಿನಲ್ಲಿ ಪೂಜೆ ನೋಡಿದರೆ ಸಾಕು” ಎನ್ನತೊಡಗಿದರು. ಅದು ಸಾಕಾಗುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು. ಎಪ್ಪತ್ತು ವರ್ಷ ಇಗರ್ಜಿಯ ಮುಂದಿನ ಸಾಲಿನಲ್ಲಿ ಕೂತವರು, ಮೂಟೆಯ ಹಾಗೆ ಎತ್ತಿಸಿಕೊಳ್ಳುವುದು ಅವರಿಗೆ ಹಿಡಿಸಲಿಲ್ಲ.

ಪಾಸ್ಖ ಹಬ್ಬ ಮುಗಿದ ವಾರವೇ ಮೇಸ್ತ್ರಿಯನ್ನು ಕರೆಸಿದೆವು. ಜೂನ್ 1ರ ಸುಮಾರಿಗೆ ಕೇರಳಕ್ಕೆ ಮಳೆ ಕಾಲಿಡುವುದು ವಾಡಿಕೆ, ಅಷ್ಟರೊಳಗೆ ಮುಗಿಯಬೇಕು. ಪಪ್ಪನದು ಒಂದೇ ಹಟ: “ಬಾಗಿಲಿಗೆ ಮೂರು ಇಂಚಿನ ಕಟ್ಟೆ ಬೇಕು, ಇಲ್ಲದಿದ್ದರೆ ನೀರು ಅಡುಗೆಮನೆಗೇ ಬರುತ್ತದೆ.” ನನ್ನದು, ಕಟ್ಟೆಯೇ ಬೇಡ. ಮೇಸ್ತ್ರಿ ಇಬ್ಬರ ಮಾತನ್ನೂ ಕೇಳಿ, ನೀರು ತುಂಬಿದ ಪೈಪು ಹಿಡಿದು ನಾಲ್ಕು ಮೂಲೆಯಲ್ಲೂ ಗೆರೆ ಎಳೆದರು. ನಮ್ಮಲ್ಲಿ ತುಳು, ಮಲಯಾಳ, ಕನ್ನಡ ಯಾವುದರಲ್ಲಿ ಮಾತಾಡಿದರೂ ಲೆವೆಲ್ ಎಂಬುದು ಲೆವೆಲ್ಲೇ.

ಶೆಡ್ಡಿನ ನೆಲವನ್ನು ಪೂರ್ತಿ ಮಟ್ಟ ಮಾಡಬಾರದು ಎಂಬುದು ನನಗೆ ಹೊಸ ಪಾಠ. ಉದ್ದಕ್ಕೆ ನೂರಕ್ಕೆ ಒಂದರಷ್ಟು ಇಳಿಜಾರು ಬೇಕು, ಅಂದರೆ ನಮ್ಮ 18 ಅಡಿಗೆ ಸುಮಾರು 2 ಇಂಚು, ಬಾಗಿಲ ಕಡೆಗೆ. ಅಡ್ಡಕ್ಕೆ ಮಾತ್ರ, ಅದರಲ್ಲೂ ಶಟರ್ ಕೂರುವ ಗೆರೆಯಲ್ಲಿ, ರಸಮಟ್ಟದ ಗುಳ್ಳೆ ನಡುವಿನಿಂದ ಅಲುಗಬಾರದು. ಅಲುಗಿದರೆ ಒಂದು ಬದಿಯಲ್ಲಿ ಸಂದು ಉಳಿಯುತ್ತದೆ, ಮಳೆಗೂ ಇಲಿಗೂ ಅಷ್ಟು ಸಾಕು.

ಹಳೆಯ ನೆಲವನ್ನು ಕೊಚ್ಚಿ ಒರಟು ಮಾಡಿದೆವು. ಎರಡು ದಿನ ಕೈ ನಡುಗುವಷ್ಟು ಕೆಲಸ. ಎಣ್ಣೆಯ ಕಲೆ ಇದ್ದಲ್ಲಿ ಇನ್ನೂ ಆಳಕ್ಕೆ ಕೊಚ್ಚಬೇಕು, ಎಣ್ಣೆಯ ಮೇಲೆ ಸಿಮೆಂಟ್ ಹಿಡಿಯುವುದಿಲ್ಲ. ತೊಳೆದು, ನೆಲ ಒದ್ದೆಯಾಗಿರುವಾಗಲೇ ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮುಂಚೆ ಸಣ್ಣ ಜಲ್ಲಿಯ ಕಾಂಕ್ರೀಟ್ ಹಾಕಿ ಪಟ್ಟಿಯಿಂದ ಎಳೆದೆವು.

ನಿಜವಾದ ಕೆಲಸ ಇದ್ದದ್ದು ಬಾಗಿಲಂಚಿನಲ್ಲಿ. ಹೊಸ ಪದರವನ್ನು ಅಲ್ಲಿ ತೆಳ್ಳಗೆ ಸವರಿ ಬಿಟ್ಟರೆ ಚಕ್ರ ಹತ್ತಿದಾಗ ಹಪ್ಪಳದಂತೆ ಏಳುತ್ತದೆ. ಅದಕ್ಕೆ ಮೇಸ್ತ್ರಿ ಅಂಚಿನುದ್ದಕ್ಕೂ ಹಳೆಯ ನೆಲವನ್ನು ಕತ್ತರಿಸಿ ತೆಗೆದು, ಅಲ್ಲಿಯೂ ಎರಡು ಇಂಚು ದಪ್ಪ ಸಿಗುವಂತೆ ಮಾಡಿದರು. ಶಟರ್ ಕೂರುವ ಜಾಗ ಒಳಗಿನ ನೆಲಕ್ಕಿಂತ ಅರ್ಧ ಇಂಚು ಮಾತ್ರ ಕೆಳಗೆ, ನಡುವೆ ಓರೆ. ಪಪ್ಪನ ಮೂರು ಇಂಚಿನ ಕಟ್ಟೆ ಮಾಡಬೇಕಾದ ಕೆಲಸವನ್ನು ಈ ಅರ್ಧ ಇಂಚು ಮಾಡುತ್ತದೆ, ಕುರ್ಚಿಯ ಗಾಲಿಗೆ ಅದು ಗೊತ್ತೇ ಆಗುವುದಿಲ್ಲ. ಹೊರಗಿನ 4 ಇಂಚಿಗೆ 4 ಅಡಿ ಉದ್ದದ ಇಳಿಜಾರು, ಅಂದರೆ ಒಂದಕ್ಕೆ ಹನ್ನೆರಡು. ಅದರ ಕೊನೆಗೆ ಅಡ್ಡಲಾಗಿ ಚರಂಡಿ, ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಕಂಬಿಗಳು ದಾರಿಗೆ ಅಡ್ಡಲಾಗಿರಬೇಕು, ಉದ್ದಕ್ಕಿದ್ದರೆ ಕುರ್ಚಿಯ ಮುಂದಿನ ಸಣ್ಣ ಗಾಲಿ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದನ್ನು ಹೇಳಿದ್ದು ಮೇಸ್ತ್ರಿಯಲ್ಲ, ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದ ಅಜ್ಜಿ.

ಹತ್ತು ದಿನ ಗೋಣಿ ಹಾಸಿ ನೀರು ಕುಡಿಸಿದೆವು. ಕಾರು ಒಂದು ತಿಂಗಳು ಹಲಸಿನ ಮರದ ಕೆಳಗೆ. ಅಜ್ಜಿ ಮಾತ್ರ ಹನ್ನೊಂದನೆಯ ದಿನವೇ, “ಹಿಡಿಯಬೇಡ ಮಗಾ” ಎಂದು ತಾವೇ ಗಾಲಿ ತಿರುಗಿಸಿಕೊಂಡು ಇಳಿದರು. ಮೇಲೇರುವಾಗ ನಾನು ತಳ್ಳಬೇಕು, ಅಷ್ಟೆ.

ಮೊದಲ ದೊಡ್ಡ ಮಳೆಯ ರಾತ್ರಿ ಪಪ್ಪ ಟಾರ್ಚ್ ಹಿಡಿದು ಎರಡು ಸಲ ಶೆಡ್ಡಿಗೆ ಹೋಗಿ ಬಂದರು. ಏನೂ ಹೇಳಲಿಲ್ಲ, ಮಲಗಿದರು. ಬಲಮೂಲೆಯಲ್ಲಿ ಅಂಗೈಯಗಲ ನೀರು ಈಗಲೂ ನಿಲ್ಲುತ್ತದೆ. ಹಲಸಿನ ಎಲೆ ಬಿದ್ದು ಜಾಲರಿ ಕಟ್ಟಿಕೊಳ್ಳುವುದರಿಂದ ಶನಿವಾರ ಸಂಜೆ ಅದನ್ನು ಎತ್ತಿ ತೊಳೆಯುವುದು ನನ್ನ ಪಾಲಿನ ಕೆಲಸ. ಮರೆತರೆ ಅಜ್ಜಿ ಜಗಲಿಯಿಂದಲೇ ಕರೆಯುತ್ತಾರೆ.